ಮರೆಯಿಲ್ಲದ ಬಯಲಿನಲ್ಲಿ ಬಿಲ್ಲುಬೇಟೆ: ನನ್ನ ಅನುಭವ

ಸೌತ್ ಡಕೋಟಾದ ಬಫಲೋ ಗ್ಯಾಪ್ ರಾಷ್ಟ್ರೀಯ ಹುಲ್ಲುಗಾವಲಿನಲ್ಲಿ ಮ್ಯೂಲ್ ಡಿಯರ್ ಜಾತಿಯ ಗಂಡು ಜಿಂಕೆಗಾಗಿ ನಾನು ಬಿಲ್ಲು ಹಿಡಿದು ಮೂರು ವರ್ಷ, ಪ್ರತಿ ಸೆಪ್ಟೆಂಬರಿನಲ್ಲೂ ಅಲೆದಿದ್ದೇನೆ. ಜಿಂಕೆ ದೊರೆತದ್ದು ಮೂರನೆಯ ವರ್ಷ. 1930ರ ದಶಕದ ಬರ ಮತ್ತು ಧೂಳಿನ ಬಿರುಗಾಳಿಗಳಿಂದ ಹಾಳಾದ ಹೊಲಗಳನ್ನು ಅಮೆರಿಕದ ಸರ್ಕಾರ ಕೊಂಡು, ಮತ್ತೆ ಹುಲ್ಲು ಬೆಳೆಸಿ, 1960ರಲ್ಲಿ ರಾಷ್ಟ್ರೀಯ ಹುಲ್ಲುಗಾವಲೆಂದು ಹೆಸರಿಸಿತು. ಪರವಾನಗಿ ಪಡೆದವರು ಇಲ್ಲಿ ಬೇಟೆಯಾಡಬಹುದು. ಪಕ್ಕದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದೊಳಗೆ ಆಡುವಂತಿಲ್ಲ.

ನಾನು ಬೆಳೆದ ಮಲೆನಾಡಿನಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಹಿರಿಯರ ನೆನಪಿನಲ್ಲಷ್ಟೇ ಉಳಿದಿತ್ತು, ಆ ನೆನಪುಗಳಲ್ಲೆಲ್ಲ ಅಡಗಿಕೊಳ್ಳಲು ಒಂದು ಮರವಿರುತ್ತಿತ್ತು. ಇಲ್ಲಿ ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಪಾಪಾಸುಕಳ್ಳಿ, ಮಳೆನೀರು ಕೊರೆದ ಕೊರಕಲುಗಳು, ಇಷ್ಟೇ. ನನ್ನ ಬಿಲ್ಲಿನಿಂದ ನಾನು ನಂಬಿ ಬಿಡುವ ದೂರ 40 ಗಜ. ಆದ್ದರಿಂದ ಬಯಲಿನಲ್ಲಿ ಬೇಟೆಯ ಕಷ್ಟವೆಲ್ಲ ಆ 40 ಗಜದೊಳಗೆ ತಲುಪುವುದರಲ್ಲಿಯೇ ಇದೆ.

ಆ ಮೂರನೆಯ ವರ್ಷ ಒಂದು ದಿನ ನಸುಕಿನಲ್ಲಿ ದಿಣ್ಣೆಯೊಂದರ ಮೇಲೆ ಮಲಗಿ ದುರ್ಬೀನಿನಲ್ಲಿ ನೋಡುತ್ತಿದ್ದಾಗ ಎರಡು ಗಂಡುಗಳು ಮೇಯುತ್ತ ಬಂದವು. ಒಂಬತ್ತರ ಹೊತ್ತಿಗೆ ಅವು ಕೊರಕಲಿನ ಅಂಚಿನ ನೆರಳಿನಲ್ಲಿ ಮಲಗಿ ಮೆಲುಕು ಹಾಕತೊಡಗಿದವು. ಆಗಲೂ ನಾನು ಹೊರಡಲಿಲ್ಲ. ಮೊದಲ ವರ್ಷ ಗಾಳಿ ಒಂದು ದಿಕ್ಕು ಹಿಡಿಯುವ ಮೊದಲೇ ಆತುರಪಟ್ಟು, ಬೆನ್ನ ಮೇಲೆ ತಣ್ಣಗೆ ಬೀಸಿದ ಒಂದೇ ಸುಳಿ ನನ್ನ ವಾಸನೆಯನ್ನು ಮುಟ್ಟಿಸಿದ್ದರಿಂದ ಜಿಂಕೆಯನ್ನು ಕಳೆದುಕೊಂಡಿದ್ದೆ. ನೆರಳು ಜರುಗಿದಂತೆ ಜಿಂಕೆಯೂ ಎದ್ದು ಜಾಗ ಬದಲಿಸುತ್ತದೆ. ಅದು ಎರಡನೆಯ ಬಾರಿ ಮಲಗಿದ ಮೇಲೆ ಹೊರಡುವುದೇ ಮೇಲೆಂದು ನನ್ನ ಅನಿಸಿಕೆ. ಕಾಯುವಾಗ ಆ ಜಾಗದ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡೆ, ಏಕೆಂದರೆ ಸುತ್ತುಬಳಸಿ ಬೇರೆ ಕಡೆಯಿಂದ ಬಂದಾಗ ಪ್ರತಿ ಕೊರಕಲೂ ಒಂದೇ ಬಗೆಯಾಗಿ ಕಾಣುತ್ತದೆ.

ಗಾಳಿ ವಾಯುವ್ಯದಿಂದ ಬೀಸುತ್ತಿತ್ತು. ಜಿಂಕೆ ಗಾಳಿಗೆ ಬೆನ್ನು ಕೊಟ್ಟು ಮಲಗುತ್ತದೆ: ಹಿಂದಿನದನ್ನು ಮೂಗು ಕಾಯುತ್ತದೆ, ಮುಂದಿನದನ್ನು ಕಣ್ಣು. ಉಳಿದ ದಾರಿ ಪಕ್ಕದ್ದು. ಅದಕ್ಕಾಗಿ ನಾನು ಸುಮಾರು ಎರಡು ಕಿಲೋಮೀಟರ್ ಸುತ್ತಿ ನೈಋತ್ಯದಿಂದ ಬಂದೆ. ನಮ್ಮ ಎಕ್ಕದ ಹತ್ತಿಯಂತೆಯೇ ತೇಲುವ ಮಿಲ್ಕ್‌ವೀಡ್ ಕಾಯಿಯ ಹತ್ತಿಯನ್ನು ಆಗಾಗ ಬಿಟ್ಟು ಗಾಳಿಯನ್ನು ನೋಡುತ್ತಿದ್ದೆ. ಕೊನೆಯ 100 ಗಜಕ್ಕೆ ಬೂಟು ಕಳಚಿ, ಎರಡು ಜೊತೆ ಉಣ್ಣೆಯ ಕಾಲುಚೀಲದಲ್ಲಿ ತೆವಳಿದೆ. ಅದಕ್ಕೆ ಎರಡು ಗಂಟೆ ಹಿಡಿಯಿತು. ವಿಷದ ಬುಡಬುಡಿಕೆ ಹಾವುಗಳು (ರ್ಯಾಟಲ್‌ಸ್ನೇಕ್) ಇರುವ ನೆಲವಾದ್ದರಿಂದ ಕೈ ಊರುವ ಜಾಗವನ್ನು ಮೊದಲು ಕಣ್ಣಿನಿಂದ ಪರೀಕ್ಷಿಸಿಯೇ ಊರಬೇಕು. ನಾನು ಹೆದರಿದ್ದು ಎರಡನೆಯ ಜಿಂಕೆಗೆ, ಏಕೆಂದರೆ ಜೊತೆಗಾರ ಯಾವಾಗಲೂ ಬೇರೊಂದು ದಿಕ್ಕಿಗೆ ನೋಡುತ್ತಿರುತ್ತದೆ.

ಕೊಂಬಿನ ತುದಿಗಳು ಹುಲ್ಲಿನ ಮೇಲೆ ಕಂಡಾಗ ದೂರಮಾಪಕ 27 ಗಜ ತೋರಿಸಿತು. ಕಲ್ಲೆಸೆದೋ ಶಿಳ್ಳೆ ಹಾಕಿಯೋ ಎಬ್ಬಿಸುವವರಿದ್ದಾರೆ. ಬೆದರಿ ಎದ್ದ ಜಿಂಕೆ ಹೆದೆಯ ಸದ್ದಿಗೇ ಕುಗ್ಗಿ ಜಿಗಿಯುವುದರಿಂದ ಬಾಣ ಹೊಟ್ಟೆಗೆ ಬಿದ್ದೀತು. ಅಂಥ ನೋವಿನ ಸಾವನ್ನು ನಾನು ಯಾವ ಪ್ರಾಣಿಗೂ ಕೊಡಲಾರೆ. ಅದು ತಾನಾಗಿಯೇ ಏಳಲೆಂದು ಮಂಡಿಯೂರಿ 50 ನಿಮಿಷ ಕಾದೆ. ಎಳೆಯಲು 60 ಪೌಂಡ್ ಬಲ ಬೇಕಾದ, ತುದಿಗಳಲ್ಲಿ ರಾಟೆಗಳಿರುವ ನನ್ನ ಕಾಂಪೌಂಡ್ ಬಿಲ್ಲಿನಲ್ಲಿ ಹೆದೆಯನ್ನು ಪೂರ್ತಿ ಎಳೆದ ಮೇಲೆ ಶೇಕಡ 80ರಷ್ಟು ಭಾರ ಇಳಿದು ಕೈಗೆ 12 ಪೌಂಡ್ ಮಾತ್ರ ಉಳಿಯುತ್ತದೆ; ಆದರೂ ಜಿಂಕೆ ಹಿಂಗಾಲು ಊರಿ ಏಳತೊಡಗಿದ ಮೇಲೆಯೇ ಎಳೆದೆ. ಅದು ಅಡ್ಡಲಾಗಿ ನಿಂತು ಮೈ ಚಾಚಿತು. ಬಾಣ ಮುಂಗಾಲಿನ ಹಿಂದೆ ನಾಟಿ ಆಚೆ ಬದಿಗೆ ಹೊರಟುಹೋಯಿತು.

ಬಾಣಕ್ಕೆ ಅಂಟಿದ್ದ ರಕ್ತ ನಸುಗೆಂಪಾಗಿ ನೊರೆ ನೊರೆಯಾಗಿತ್ತು, ಅಂದರೆ ಏಟು ಶ್ವಾಸಕೋಶಕ್ಕೆ ತಗುಲಿತ್ತು. ಕಪ್ಪಗಿದ್ದರೆ ಅದು ಯಕೃತ್ತಿನದು, ಆಗ ನಾಲ್ಕಾರು ಗಂಟೆ ಕಾಯಬೇಕಾಗುತ್ತಿತ್ತು. ಅರ್ಧ ಗಂಟೆ ಕುಳಿತಿದ್ದು ಹೋದೆ. ಜಿಂಕೆ 80 ಗಜದಾಚೆ ಬಿದ್ದಿತ್ತು. ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕುಳಿತೆ.

ಸೆಪ್ಟೆಂಬರಿನ ಬಿಸಿಲಿಗೆ ಮಾಂಸ ಬೇಗ ಕೆಡುವುದರಿಂದ ಅಲ್ಲಿಯೇ ಚರ್ಮ ಸುಲಿದು, ಮೂಳೆಯಿಂದ ಬಿಡಿಸಿ, ಗಾಳಿಯಾಡುವ ಬಟ್ಟೆಚೀಲಗಳಲ್ಲಿ ತುಂಬಿ ಕೊರಕಲಿನ ನೆರಳಿಗಿಟ್ಟೆ. ಕಾರಿಗೆ ಮೂರು ಕಿಲೋಮೀಟರ್ ದೂರವಿತ್ತು. ಎರಡನೆಯ ಹೊರೆಯನ್ನು ಮಂಜುಗಡ್ಡೆಯ ಪೆಟ್ಟಿಗೆಗೆ ಇಳಿಸುವಾಗ ಪೂರ್ತಿ ಕತ್ತಲಾಗಿತ್ತು.