‘ಉದ್ಭವಿಸುವುದಿಲ್ಲ’: ಶಾಸಕರ ಪಿಎ ಆಗಿ ನನ್ನ ಹತ್ತು ವರ್ಷ

2013ರಿಂದ 2023ರ ತನಕ ನಾನು ಒಬ್ಬ ಶಾಸಕರ ಪಿಎ ಆಗಿದ್ದೆ. ಬಯಲುಸೀಮೆಯ ಕ್ಷೇತ್ರ. ಊರು, ಹೆಸರು ಬೇಡ. ಸಾಹೇಬ್ರು ಎರಡು ಸಲ ಗೆದ್ದರು, ಮೂರನೇ ಸಲ ಸೋತರು.

ಮೊದಲ ವರ್ಷವೆಲ್ಲ ಲೆಟರ್‌ಹೆಡ್ ಕೆಲಸವೇ. ಬೆಳಿಗ್ಗೆ ಆರೂವರೆಗೆ ಮನೆ ಮುಂದೆ ಚಪ್ಪಲಿ ರಾಶಿ. ವರ್ಗಾವಣೆಗೆ ಶಿಫಾರಸು, ಹಾಸ್ಟೆಲ್ ಸೀಟು, ಸುಟ್ಟ ಟ್ರಾನ್ಸ್‌ಫಾರ್ಮರ್, ಬಗರ್ ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡೋ) ಅರ್ಜಿ. ಮಧ್ಯಾಹ್ನ ಮದುವೆ, ಸಾಯಂಕಾಲ ಸಾವಿನ ಮನೆ. ಶಾಸಕರ ನಿಧಿ ಅಂತ ಆಗ ವರ್ಷಕ್ಕೆ 2 ಕೋಟಿ ಬರುತ್ತಿತ್ತು. ಸಮುದಾಯ ಭವನ ಕೇಳದ ಊರೇ ಇರಲಿಲ್ಲ.

ಸದನದ ಕೆಲಸ ನನಗೆ ಗೊತ್ತೇ ಇರಲಿಲ್ಲ. ಮೊದಲ ಪ್ರಶ್ನೆಯನ್ನು ಹಳೇ ಪ್ರತಿ ನೋಡಿ ಬರೆದೆ: ‘ತಾಲೂಕಿನಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಇಲ್ಲದಿದ್ದಲ್ಲಿ, ಕಾರಣಗಳೇನು?’ ಉತ್ತರ ಬಂತು. (ಅ) ಬಂದಿದೆ. (ಆ) ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುವುದು. (ಇ) ಉದ್ಭವಿಸುವುದಿಲ್ಲ, ಅಂದರೆ ಆ ಪ್ರಶ್ನೆಯೇ ಏಳುವುದಿಲ್ಲ. ಅಷ್ಟೇ.

ಶಾಸಕರ ಭವನದಲ್ಲಿ ಪಕ್ಕದ ಕೋಣೆಯ ಹಳೇ ಪಿಎ ಒಬ್ಬರು ಅದನ್ನು ಓದಿ ನಕ್ಕರು. ‘ಗಮನಕ್ಕೆ ಬಂದಿದೆಯಾ ಅಂತ ಕೇಳಿದ್ರೆ ಬಂದಿದೆ ಅಂತಾನೇ ಹೇಳ್ತಾರೆ ಕಣಯ್ಯ. ಎಷ್ಟು, ಎಲ್ಲಿ, ಯಾವತ್ತಿಂದ ಅಂತ ಕೇಳು. ಆದ್ರೆ ನಿನ್ನ ಹತ್ರ ಲೆಕ್ಕ ಇಟ್ಕೊಂಡು ಕೇಳು.’

ಆಗ ಹಳ್ಳಿ ಹಳ್ಳಿಗೆ ಶುದ್ಧ ನೀರಿನ ಘಟಕ ಬಂದಿತ್ತು. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್ ನೀರು. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ. ಬೈಕ್ ತಗೊಂಡು ಭಾನುವಾರ ಭಾನುವಾರ ಸುತ್ತಿದೆ. 38 ಘಟಕದಲ್ಲಿ 31 ನೋಡಿದೆ, 12 ನಿಂತಿದ್ದವು. ಒಂದರ ಒಳಗೆ ಯಾರೋ ಕಡಲೆಕಾಯಿ ಚೀಲ ಪೇರಿಸಿದ್ದರು. ಇನ್ನೊಂದರ ಗೋಡೆಯಲ್ಲಿ ಮೀಟರ್ ಬೋರ್ಡಿನ ಜಾಗ ಖಾಲಿ, ವೈರು ನೇತಾಡುತ್ತಿತ್ತು. ಕರೆಂಟೇ ಕೊಟ್ಟಿಲ್ಲ! ನೋಟ್‌ಬುಕ್‌ನಲ್ಲಿ ಊರು, ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್), ನಿಂತ ತಿಂಗಳು, ನೀರುಗಂಟಿಯ ಫೋನ್ ನಂಬರ್, ಎಲ್ಲ ಬರೆದುಕೊಂಡೆ.

ಪ್ರಶ್ನೆಯನ್ನು ಹದಿನೈದು ದಿನ ಮುಂಚೆ ಕೊಡಬೇಕು. ಅದು ವಿಧಾನಸಭೆ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ನಮ್ಮ ತಾಲೂಕಿನ ಎಂಜಿನಿಯರ್ ಮೇಜಿಗೇ ಬಂದು ಬೀಳುತ್ತದೆ. ಮೂರನೇ ದಿನಕ್ಕೇ ಫೋನ್ ಬಂತು: ‘ಏನ್ ಸಾರ್, ಪ್ರಶ್ನೆ ಹಾಕಿದೀರಂತೆ? ನಮಗೆ ಒಂದು ಮಾತು ಹೇಳಿದ್ರೆ ಮಾಡಿಕೊಡ್ತಿದ್ವಲ್ಲ.’ ಆ ವಾರದಲ್ಲೇ ನಾಲ್ಕು ಘಟಕ ರಿಪೇರಿ ಆದವು. ಉತ್ತರಕ್ಕಿಂತ ಮುಂಚೆ ನೀರು ಬಂತು! ಆದರೆ ನನ್ನ ಲೆಕ್ಕ ಹಳೇದಾಯಿತು. ಪ್ರಶ್ನೆ ಸದನಕ್ಕೆ ಬರೋ ಹಿಂದಿನ ರಾತ್ರಿ ಕೂತು ಎಲ್ಲ ನೀರುಗಂಟಿಗಳಿಗೂ ಮತ್ತೆ ಫೋನ್ ಮಾಡಿದೆ.

ಅದು 2016ರ ಚಳಿಗಾಲದ ಅಧಿವೇಶನ, ಬೆಳಗಾವಿಯ ಸುವರ್ಣ ವಿಧಾನಸೌಧ. ನೋಟು ರದ್ದಾಗಿ ಮೂರು ವಾರವೂ ಆಗಿರಲಿಲ್ಲ, ಊಟದ ಬಿಲ್ಲಿಗೆ ಚಿಲ್ಲರೆ ಹುಡುಕೋದೇ ಒಂದು ಕೆಲಸ. ನಮ್ಮದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಎದ್ದು ಬಾಯಲ್ಲಿ ಉತ್ತರ ಕೊಡಬೇಕು. ಆದರೆ ಪಟ್ಟಿಯಲ್ಲಿ ಕೆಳಗಿತ್ತು. ಅಷ್ಟರಲ್ಲಿ ಪ್ರಶ್ನೋತ್ತರ ವೇಳೆ ಮುಗಿದರೆ ಉತ್ತರ ಬರೀ ಕಾಗದದಲ್ಲಿ ಸಿಗುತ್ತದೆ, ಉಪಪ್ರಶ್ನೆ ಕೇಳೋ ಹಾಗಿಲ್ಲ. ಎಷ್ಟೋ ಒಳ್ಳೇ ಪ್ರಶ್ನೆಗಳು ಹೀಗೇ ಸತ್ತಿವೆ. ಅವತ್ತು ಗಲಾಟೆ ಇರಲಿಲ್ಲ, ಹೇಗೋ ನಮ್ಮ ಸರದಿ ಬಂತು.

ಉತ್ತರದ ಜೊತೆ ಕೊಟ್ಟ ಪಟ್ಟಿಯಲ್ಲಿ ನಿಂತ ಘಟಕ ಎರಡೇ. ಸಾಹೇಬ್ರು ನನ್ನ ಚೀಟಿ ನೋಡಿಕೊಂಡು ಕೇಳಿದರು: ‘17ನೇ ಸಾಲು ಓದಿ ಸ್ವಾಮಿ. ಚಾಲನೆಯಲ್ಲಿದೆ ಅಂತ ಬರೆದಿದೀರಿ. ಅದಕ್ಕೆ ಆರ್‌ಆರ್ ನಂಬರೇ ಆಗಿಲ್ಲ. ಕರೆಂಟಿಲ್ಲದೆ ಹೆಂಗೆ ಓಡ್ತಿದೆ?’ ಸದನ ನಕ್ಕಿತು. ತನಿಖೆ ಮಾಡಿಸುತ್ತೇವೆ ಅಂತ ಭರವಸೆ ಸಿಕ್ಕಿತು. ಒಂದೂವರೆ ತಿಂಗಳಲ್ಲಿ ಆ ಊರಿಗೆ ಮೀಟರ್ ಬಂತು. ಪ್ರಶ್ನೆ ಕೇಳಿದ ದಿನ ರಾತ್ರಿ ಸಾಹೇಬ್ರೇ ಬೆಳಗಾವಿಯ ಸಿಹಿ ಕುಂದಾ ತರಿಸಿ ಕೊಟ್ಟಿದ್ದರು.

ಎರಡನೇ ಅವಧಿಯ ನಡುವೆ ಸರ್ಕಾರ ಬದಲಾಗಿ ನಾವು ಆಡಳಿತ ಪಕ್ಷದವರಾದೆವು. ಪ್ರಶ್ನೆಗಳು ನಿಂತವು. ‘ನಮ್ಮದೇ ಸರ್ಕಾರ ಕಣಪ್ಪಾ, ನಾವೇ ಕೇಳಿದ್ರೆ ಚೆನ್ನಾಗಿರಲ್ಲ’ ಅಂದರು. ಪತ್ರಕ್ಕೆ ಮುಖ್ಯಮಂತ್ರಿಗಳ ಮಿನಿಟ್ (ಟಿಪ್ಪಣಿ) ಹಾಕಿಸೋದು, ಫೈಲ್ ಹಿಂದೆ ಮೂರನೇ ಮಹಡಿ ಹತ್ತೋದು, ಅದೇ ಆಯಿತು. ದುಡ್ಡು ಜಾಸ್ತಿ ಬಂತು, ರಸ್ತೆಗಳೂ ಆದವು, ಸುಳ್ಳು ಹೇಳಬಾರದು. ಆದರೂ ಸದನದಲ್ಲಿ ಅವರ ಒಳ್ಳೇ ಕಾಲ ವಿರೋಧ ಪಕ್ಷದ್ದೇ ಅಂತ ನನ್ನ ಅಭಿಪ್ರಾಯ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಗೆದ್ದರು, 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಒಂದು ದಿನವೂ ಮಂತ್ರಿಯಾಗಲಿಲ್ಲ. ಹಳೇ ನಡಾವಳಿ ತೆಗೆದರೆ ಇವತ್ತಿಗೂ ಜನ ಹುಡುಕಿ ಓದೋದು ಅವರ ಮಾತನ್ನೇ ಅಲ್ವಾ? ಇದನ್ನು ಸಾಹೇಬ್ರಿಗೆ ಒಮ್ಮೆ ಹೇಳಿದೆ. ‘ಆಗಿನ ಕಾಲ ಬೇರೆ’ ಅಂದು ಸುಮ್ಮನಾದರು.

2023ರಲ್ಲಿ ಸೋತ ಮೇಲೆ ಫಾರಂ 20 ತರಿಸಿದೆ. ಬೂತ್‌ವಾರು ಮತಗಳ ಲೆಕ್ಕ ಅದರಲ್ಲಿರುತ್ತದೆ. ಸುಮ್ನೆ ಕುತೂಹಲಕ್ಕೆ 17ನೇ ಸಾಲಿನ ಊರು ನೋಡಿದೆ. ಎರಡು ಬೂತ್, ಎರಡರಲ್ಲೂ ಹಿಂದೆ. ಸಿಟ್ಟು ತಡೆಯಲಿಲ್ಲ. ಅಲ್ಲಿನ ನೀರುಗಂಟಿಗೆ ಫೋನ್ ಮಾಡಿ, ‘ಏನಪ್ಪಾ ಇದು, ಬೆಳಗಾವಿ ತನಕ ಹೋಗಿ ಕರೆಂಟ್ ಹಾಕಿಸಿದ್ವಲ್ಲ’ ಅಂದೆ.

‘ಹೌದೇನಣ್ಣ? ನಮಗ್ಯಾರಿಗೂ ಗೊತ್ತೇ ಇಲ್ಲ. ಪಂಚಾಯ್ತಿ ಮೆಂಬರು ಪೂಜೆ ಮಾಡಿಸಿ ಫ್ಲೆಕ್ಸ್ ಕಟ್ಟಿಸಿದ್ರು, ಅವರೇ ಮಾಡಿಸಿದ್ದು ಅನ್ಕೊಂಡಿದ್ವಿ.’

ಹೋಗಲಿ, ನೀರಾದರೂ ಬರುತ್ತಿದೆಯಾ ಅಂತ ಕೇಳಿದೆ. ಫಿಲ್ಟರ್ ಹೋಗಿ ಎರಡು ತಿಂಗಳಾಗಿತ್ತಂತೆ.