ಮೈಸೂರು ಜಾವಾಕ್ಕೆ ಇಂಗ್ಲೆಂಡಿನ ನಂಬರು

ಅಪ್ಪನ ಜಾವಾ ಬೈಕು ನಮ್ಮ ಮೈಸೂರಿನ ಮನೆಯ ಹಿತ್ತಿಲ ಶೆಡ್ಡಿನಲ್ಲಿ ಹನ್ನೊಂದು ವರ್ಷ ಟಾರ್ಪಾಲು ಹೊದ್ದು ನಿಂತಿತ್ತು. ಅಪ್ಪ ತೀರಿಕೊಂಡ ಮೇಲೆ ವಾರಸುದಾರನೆಂದು ಅದನ್ನು ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೆ, ಅಷ್ಟೇ. ನಾನು ಇರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. 2022ರಲ್ಲಿ ಊರಿಗೆ ಹೋದಾಗ ಮನೆ ಮಾರುವ ಮಾತು ಬಂತು, ಜೊತೆಗೇ ಗಾಡಿಯ ಮಾತೂ ಬಂತು. "ಈಗ ಇದಕ್ಕೆ ಚಿನ್ನದ ಬೆಲೆ ಇದೆಯಪ್ಪ, ಯಾರಿಗಾದರೂ ಕೊಟ್ಟುಬಿಡು" ಎಂದರು ಸೋದರಮಾವ. ಅಮ್ಮ ಏನೂ ಹೇಳಲಿಲ್ಲ. ಅವರು ಸುಮ್ಮನಿದ್ದರೆ ಅದಕ್ಕೊಂದು ಅರ್ಥ ಇರುತ್ತದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಗಾಡಿಯನ್ನು ಹಡಗಿಗೆ ಹತ್ತಿಸಿ ಕವೆಂಟ್ರಿಗೆ ತರಿಸಿಕೊಂಡು, ಅಲ್ಲಿನ ರಸ್ತೆಯ ಮೇಲೆ ಕಾನೂನುಬದ್ಧವಾಗಿ ಓಡಿಸುವ ತನಕ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಎಂಜಿನ್ ಸರಿಪಡಿಸಲು ಆದದ್ದು ಅದರಲ್ಲಿ ಎರಡು ವಾರ. ಉಳಿದದ್ದೆಲ್ಲ ಗಾಡಿ ಹುಟ್ಟಿದ್ದು ಯಾವಾಗ ಎಂದು ಸಾಬೀತು ಮಾಡುವುದಕ್ಕೇ ಹೋಯಿತು.

ಊರಿನ ಕಡೆಯ ಕೆಲಸವನ್ನು ಮೊದಲು ಹೇಳುತ್ತೇನೆ. ಆರ್.ಸಿ. ಪುಸ್ತಕದ ಅವಧಿ ಮುಗಿದು ಕಾಲವಾಗಿತ್ತು. ಹದಿನೈದು ವರ್ಷ ಕಳೆದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ದಂಡ ಕಟ್ಟಿ ಅದನ್ನು ಮುಗಿಸಿ, ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕಿದಾಗ ಮೊದಲ ಎಡವಟ್ಟು ಕಾಣಿಸಿತು. ಶಾಯಿಯಲ್ಲಿ ಬರೆದ ಹಳೆಯ ಪುಸ್ತಕದಲ್ಲಿ ಚಾಸಿ ಸಂಖ್ಯೆ ಸರಿಯಾಗಿಯೇ ಇತ್ತು. ಅದನ್ನು ಯಾವಾಗಲೋ ಗಣಕಕ್ಕೆ ಏರಿಸಿದವರು ನಡುವಿನ 1 ಅನ್ನು 7 ಎಂದು ಓದಿಕೊಂಡಿದ್ದರು. ಆ ಕಾಲದ ಗುಮಾಸ್ತರು ಒಂದರ ತಲೆಗೆ ಕೊಕ್ಕೆ ಹಾಕುತ್ತಿದ್ದರಲ್ಲ, ಅದರ ಫಲ. "ಒಂದೇ ಅಂಕಿ ತಾನೇ ಸಾರ್, ಅಲ್ಲಿ ಯಾರು ನೋಡುತ್ತಾರೆ?" ಎಂದು ಕಚೇರಿಯಲ್ಲಿ ಒಬ್ಬರು ಸಮಾಧಾನ ಹೇಳಿದರು. ಅಲ್ಲಿ ನೋಡುವುದು ಅದೊಂದನ್ನೇ ಎಂದು ನಾನು ಆಗಲೇ ಓದಿಕೊಂಡಿದ್ದೆ. ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ, ಚಾಸಿಯ ಮುಂಗುತ್ತಿಗೆಯಲ್ಲಿ ಕೆತ್ತಿದ ಸಂಖ್ಯೆಯ ಮೇಲೆ ತೆಳುಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು ತೋರಿಸಿದ ಮೇಲೆ ದಾಖಲೆ ತಿದ್ದಲಾಯಿತು. ಮೂರು ಬಾರಿ ಓಡಾಡಿದೆ. ಆ ಪೆನ್ಸಿಲ್ ಅಚ್ಚಿನ ಇನ್ನೆರಡು ಪ್ರತಿಗಳನ್ನು ಜೇಬಿಗೆ ಹಾಕಿಕೊಂಡಿದ್ದೆ. ಮುಂದೆ ಅವೇ ಕೈಹಿಡಿದವು.

ಪ್ಯಾಕಿಂಗ್ ವಿಷಯದಲ್ಲಿ ಎರಡೇ ಮಾತು. ಟ್ಯಾಂಕು ಪೂರ್ತಿ ಬರಿದಾಗಿರಬೇಕು, ಬ್ಯಾಟರಿ ಕಳಚಿರಬೇಕು. ಮರದ ಪೆಟ್ಟಿಗೆಯಾದರೆ ಶಾಖೋಪಚಾರ ಆದ ಮರವೆಂಬ ಐಎಸ್‌ಪಿಎಂ 15 ಮುದ್ರೆ ಹಲಗೆಯ ಮೇಲೆ ಕಾಣಬೇಕು. ಅಗ್ಗಕ್ಕೆ ಸಿಕ್ಕಿತೆಂದು ಪಕ್ಕದ ಬೀದಿಯ ಬಡಗಿಯಿಂದ ಹಳೆಯ ಮರದ ಪೆಟ್ಟಿಗೆ ಮಾಡಿಸಿದರೆ ಬಂದರಿನಲ್ಲೇ ನಿಲ್ಲುತ್ತದೆ. ಚೆನ್ನೈನಿಂದ ಹೊರಟ ಪೆಟ್ಟಿಗೆ ಏಳು ವಾರಕ್ಕೆ ಫೀಲಿಕ್ಸ್‌ಸ್ಟೋ ಬಂದರು ಮುಟ್ಟಿತು.

ಹಣ ಪೋಲಾಗುವ ಜಾಗ ಇಲ್ಲಿದೆ. ಬ್ರಿಟನ್ನಿಗೆ ಬರುವ ಮೋಟಾರ್‌ಸೈಕಲ್‌ಗೆ ಸಾಮಾನ್ಯವಾಗಿ ಆಮದು ಸುಂಕ ಇದೆ, ಅದರ ಮೇಲೆ ಶೇ. 20 ವ್ಯಾಟ್ ಇದೆ. ಆದರೆ ಗಾಡಿಗೆ 30 ವರ್ಷ ದಾಟಿದ್ದು, ಆ ಮಾದರಿಯ ತಯಾರಿಕೆ ನಿಂತುಹೋಗಿದ್ದು, ಚಾಸಿ, ಎಂಜಿನ್, ಬ್ರೇಕುಗಳು ದೊಡ್ಡ ಬದಲಾವಣೆ ಇಲ್ಲದೆ ಮೂಲರೂಪದಲ್ಲೇ ಇದ್ದರೆ ಅದನ್ನು 9705 ಎಂಬ ಸುಂಕ ಶೀರ್ಷಿಕೆಯಡಿ, ಅಂದರೆ ಐತಿಹಾಸಿಕ ಆಸಕ್ತಿಯ ಸಂಗ್ರಹ ವಸ್ತು ಎಂದು ಘೋಷಿಸಬಹುದು. ಆಗ ಸುಂಕ ಇಲ್ಲ, ವ್ಯಾಟ್ ಶೇ. 5 ಮಾತ್ರ. ನನ್ನ ಏಜೆಂಟರು ಗಾಡಿಯನ್ನು ಯಾವುದೋ ಹಳೆಯ ಬೈಕು ಎಂದು ಮಾಮೂಲಿ ಶೀರ್ಷಿಕೆಯಲ್ಲೇ ತುಂಬಿದ್ದರು. ಸಾಗಣೆಯೂ ಸೇರಿ ನನ್ನ ಲೆಕ್ಕ 1,300 ಪೌಂಡ್. ಅದರ ಶೇ. 5 ಎಂದರೆ 65 ಪೌಂಡ್. ಅವರು ತುಂಬಿದ ಪ್ರಕಾರ ವ್ಯಾಟ್ ಒಂದೇ 260 ದಾಟುತ್ತಿತ್ತು. ಘೋಷಣೆ ಸಲ್ಲಿಸುವ ಮೊದಲು ಕರಡು ಕಳಿಸಿ ಎಂದು ಕೇಳಿದ್ದರಿಂದ ಬಚಾವಾದೆ. ಹೊಸದಾಗಿ ವಲಸೆ ಬರುವವರಿಗೆ ಬೇರೆ ದಾರಿಯೂ ಇದೆ. ಹನ್ನೆರಡು ತಿಂಗಳು ಹೊರದೇಶದಲ್ಲಿ ವಾಸವಿದ್ದು, ಗಾಡಿಯನ್ನು ಆರು ತಿಂಗಳು ಇಟ್ಟುಕೊಂಡು ಬಳಸಿದ್ದರೆ ಮನೆಸಾಮಾನಿನ ಜೊತೆ ತೆರಿಗೆಯಿಲ್ಲದೆ ತರಲು ಅರ್ಜಿ ಹಾಕಬಹುದು. ನಾನು ಇಲ್ಲಿಗೆ ಬಂದು ಬಹಳ ಕಾಲವಾಗಿತ್ತು, ನನಗೆ ಅದು ಸಲ್ಲಲಿಲ್ಲ.

ಗಾಡಿ ದೇಶದೊಳಗೆ ಬಂದ 14 ದಿನದಲ್ಲಿ ತೆರಿಗೆ ಇಲಾಖೆಗೆ 'ನೋವಾ' ಎಂಬ ಆಗಮನ ಸೂಚನೆ ಕೊಡಬೇಕು. ಆನ್‌ಲೈನಿನಲ್ಲೇ ಆಗುತ್ತದೆ, ಕಸ್ಟಮ್ಸ್ ಘೋಷಣೆಯ ಸಂಖ್ಯೆ ಕೈಯಲ್ಲಿದ್ದರೆ ಇಪ್ಪತ್ತು ನಿಮಿಷದ ಕೆಲಸ. ಇದು ಆಗದೆ ಡಿವಿಎಲ್‌ಎ, ಅಂದರೆ ಸ್ವಾನ್ಸೀ ಊರಿನಲ್ಲಿರುವ ಇಲ್ಲಿನ ವಾಹನ ನೋಂದಣಿ ಸಂಸ್ಥೆ, ನಿಮ್ಮ ಅರ್ಜಿಯನ್ನೇ ನೋಡುವುದಿಲ್ಲ.

ಇನ್ನು ಹುಟ್ಟಿದ ದಿನದ ಕಥೆ. ಹಳೆಯ ಗಾಡಿಗೆ ಅದರ ವಯಸ್ಸಿಗೆ ತಕ್ಕ ನಂಬರು ಸಿಗಬೇಕಾದರೆ ತಯಾರಾದ ಕಾಲಕ್ಕೆ ಪುರಾವೆ ಬೇಕು. ಪುರಾವೆ ಇಲ್ಲದಿದ್ದರೆ 'ಕ್ಯೂ' ಅಕ್ಷರದಿಂದ ಶುರುವಾಗುವ ನಂಬರು ಕೊಡುತ್ತಾರೆ. ತಂದೆತಾಯಿ ಯಾರೆಂದು ಗೊತ್ತಿಲ್ಲದ ಗಾಡಿ ಎಂದು ಊರಿಗೆಲ್ಲ ಸಾರಿದ ಹಾಗೆ ಅದು. ಅಪ್ಪನ ಗಾಡಿಗೆ ಅಂಥದ್ದು ಅಂಟಿಸಿಕೊಂಡು ತಿರುಗುವ ಮನಸ್ಸು ನನಗಿರಲಿಲ್ಲ. ಪುರಾವೆಗೆ ಇಲ್ಲಿನ ರೂಢಿಯ ದಾರಿಯೆಂದರೆ ಆಯಾ ಕಂಪನಿಯ ಹಳೆಯ ಗಾಡಿಗಳ ಮಾಲೀಕರ ಸಂಘದಿಂದ ವಯಸ್ಸಿನ ದೃಢೀಕರಣ ಪತ್ರ ತರುವುದು. ಅಂಥ ಸಂಘವೊಂದರಲ್ಲಿ ಈ ಕೆಲಸ ನೋಡಿಕೊಳ್ಳುವ ನಿವೃತ್ತ ಹಿರಿಯರೊಬ್ಬರಿಗೆ ಫೋಟೊ, ಆರ್.ಸಿ. ಪ್ರತಿ, ಪೆನ್ಸಿಲ್ ಅಚ್ಚು ಎಲ್ಲ ಕಳಿಸಿದೆ. ಪೆನ್ಸಿಲ್ ಅಚ್ಚು ಕಂಡು ಅವರು ಬಹಳ ಸಂತೋಷಪಟ್ಟರು. ಅವರೂ ಅದನ್ನೇ ಕೇಳುವವರಿದ್ದರಂತೆ. ಮೈಸೂರಿನಲ್ಲೂ ಇಂಗ್ಲೆಂಡಿನಲ್ಲೂ ಒಂದೇ ಪೆನ್ಸಿಲ್, ಒಂದೇ ತೆಳುಕಾಗದ.

ಆದರೆ ವರ್ಷ ನೋಡಿ ಅವರಿಗೆ ಅನುಮಾನ ಬಂತು. ಅವರ ಪತ್ರದ ಸಾರ ಇಷ್ಟು: "ಇದು ಜಾವಾ 250, ಟೈಪ್ 353. ಚೆಕೊಸ್ಲೊವಾಕಿಯದಲ್ಲಿ ಈ ಮಾದರಿ ಅರವತ್ತರ ದಶಕದ ಆರಂಭದಲ್ಲೇ ಮುಗಿದಿದೆ. ನೀವು 1969 ಎನ್ನುತ್ತೀರಿ. ಬಹುಶಃ ನಿಮ್ಮ ದೇಶದಲ್ಲಿ ತಡವಾಗಿ ನೋಂದಣಿ ಆಗಿರಬೇಕು." ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಅವರ ಲೆಕ್ಕದಲ್ಲಿ ಮೈಸೂರು ಇರಲಿಲ್ಲ, ಅಷ್ಟೇ.

ಅಂದು ರಾತ್ರಿ ಕುಳಿತು ನಾನು ಬರೆದ ಉತ್ತರ ನಾಲ್ಕು ಪುಟ ಆಯಿತು. ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಂಪನಿ, ಯಾದವಗಿರಿಯ ಕಾರ್ಖಾನೆ, 1961ರಲ್ಲಿ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದ್ದು, ಚೆಕೊಸ್ಲೊವಾಕಿಯದಲ್ಲಿ ನಿಂತುಹೋದ ಮಾದರಿ ಮೈಸೂರಿನಲ್ಲಿ ಎಪ್ಪತ್ತರ ದಶಕದವರೆಗೂ ತಯಾರಾದದ್ದು, ಆಮೇಲೆ ಯೆಜ್ಡಿ ಎಂಬ ಹೆಸರು ಬಂದದ್ದು, 1996ರಲ್ಲಿ ಬಾಗಿಲು ಮುಚ್ಚಿದ್ದು. ಸೈರನ್ ಕೂಗಿದಾಗ ಸೈಕಲ್ಲುಗಳ ಪ್ರವಾಹವೇ ಹೊರಬರುತ್ತಿತ್ತು ಎಂಬ ಅಮ್ಮನ ಮಾತನ್ನೂ ಸೇರಿಸಿ, ಕಳಿಸುವ ಮೊದಲು ಅಳಿಸಿದೆ. ಸಾಕ್ಷಿ ಕೇಳಿದವರಿಗೆ ನೆನಪು ಕೊಟ್ಟರೆ ಏನು ಉಪಯೋಗ?

ಸಾಕ್ಷಿ ಸಿಕ್ಕಿದ್ದು ಅಮ್ಮನ ಟ್ರಂಕಿನಲ್ಲಿ. ಅಪ್ಪ ಯಾವ ಕಾಗದವನ್ನೂ ಎಸೆದವರಲ್ಲ. ಎಲ್ಐಸಿ ರಸೀದಿಗಳು, ನನ್ನ ಎರಡನೆಯ ತರಗತಿಯ ಅಂಕಪಟ್ಟಿ, ನಲ್ಲಿ ಕಂದಾಯದ ಚೀಟಿಗಳ ನಡುವೆ ಮಾರಾಟಗಾರರು ಕೊಟ್ಟ ಮೂಲ ಬಿಲ್ಲು ಇತ್ತು. ಮಾರ್ಚ್ 1969. ಇಂಗಾಲದ ಕಾಗದದ ನೀಲಿ ಅಕ್ಷರಗಳು, ಮಡಿಕೆಯಲ್ಲಿ ಹರಿದು ಹಿಂದೆ ಗೋಂದಿನ ಪಟ್ಟಿ. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಬಣ್ಣ ಮರೂನ್, 'ಹೊಸ ಗಾಡಿ' ಎಂಬ ಸ್ಪಷ್ಟ ಮಾತು. ಮಾವ ಅದರ ಫೋಟೊ ವಾಟ್ಸ್‌ಆ್ಯಪಿನಲ್ಲಿ ಕಳಿಸಿದಾಗ ನಾನು ಕಚೇರಿಯ ಸಭೆಯೊಂದರಲ್ಲಿದ್ದೆ. ಆಮೇಲೆ ಅಲ್ಲಿ ಯಾರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಮೂಲ ಬಿಲ್ಲು ಕೊರಿಯರಿನಲ್ಲಿ ಬಂತು, ಹಿರಿಯರು ಅದನ್ನು ಒಪ್ಪಿ ಪತ್ರ ಕೊಟ್ಟರು. ಜೊತೆಗೆ, ಇನ್ನು ಮುಂದೆ ಮೈಸೂರಿನ ಗಾಡಿಗಳಿಗೆ ಬೇರೆಯೇ ಕಡತ ಇಡುತ್ತೇನೆ ಎಂದು ಬರೆದಿದ್ದರು.

ನಲವತ್ತು ವರ್ಷ ದಾಟಿ, ದೊಡ್ಡ ಮಾರ್ಪಾಡು ಇಲ್ಲದ ಗಾಡಿಗೆ ಇಲ್ಲಿ ಎಂಒಟಿ ಎಂಬ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ, ಘೋಷಣೆಯ ಒಂದು ನಮೂನೆ ತುಂಬಿದರೆ ಸಾಕು. ನಾನು ಆದರೂ ಮಾಡಿಸಿದೆ. ಐವತ್ತು ದಾಟಿದ ಬ್ರೇಕು, ಐವತ್ತರ ಹತ್ತಿರದ ಸವಾರ. ಇನ್ನೊಬ್ಬರ ಕಣ್ಣು ಬೀಳುವುದು ಒಳ್ಳೆಯದು. ನಂಬರು ಇಲ್ಲದ ಗಾಡಿಯನ್ನು ಚಾಸಿ ಸಂಖ್ಯೆಯ ಮೇಲೆಯೇ ತಪಾಸಣೆ ಮಾಡುತ್ತಾರೆ. ವಿಮೆಯೂ ಚಾಸಿ ಸಂಖ್ಯೆಯ ಮೇಲೆಯೇ ಸಿಗುತ್ತದೆ, ನಂಬರು ಬಂದ ಮೇಲೆ ತಿಳಿಸಿದರಾಯಿತು.

ತಪಾಸಣೆ ಮಾಡುವ ಹುಡುಗ ಗಾಡಿಯ ಸುತ್ತ ಎರಡು ಸುತ್ತು ಬಂದ. ಬಲಗಡೆ ಬಗ್ಗಿ ನೋಡಿದ, ಎಡಗಡೆ ಬಗ್ಗಿ ನೋಡಿದ. "ಕಿಕ್ ಎಲ್ಲಿ ಬಿಚ್ಚಿಟ್ಟಿದ್ದೀರಿ?" ಎಂದ. ನಾನು ಎಡಗಡೆಯ ಗೇರಿನ ಕಡ್ಡಿಯನ್ನು ಒಳಕ್ಕೆ ಒತ್ತಿ ಹಿಂದಕ್ಕೆ ಮೇಲೆತ್ತಿದೆ. ಗೇರೇ ಕಿಕ್ ಆಗಿ ಎದ್ದು ನಿಂತಿತು. ಪೆಟ್ರೋಲ್ ಕೀಲಿ ತಿರುಗಿಸಿ, ಕಾರ್ಬುರೇಟರಿನ ಗುಂಡಿ ಒತ್ತಿ, ತೇವ ಬೆರಳಿಗೆ ತಾಗಿದ ಮೇಲೆ ಎರಡು ಒದೆತ. ಎರಡು ಸೈಲೆನ್ಸರುಗಳಿಂದ ನೀಲಿ ಹೊಗೆ ಬಂದು ಗ್ಯಾರೇಜು ತುಂಬಿತು. ಆತ ಒಳಗಿದ್ದ ಇನ್ನಿಬ್ಬರನ್ನು ಕೂಗಿ ಕರೆದು, ಗಾಡಿ ಆರಿಸಿ ಮತ್ತೊಮ್ಮೆ ಆ ಕಡ್ಡಿಯ ಆಟ ತೋರಿಸಿ ಎಂದ. ಗಾಡಿ ಪಾಸಾಯಿತು. 6 ವೋಲ್ಟ್ ದೀಪವನ್ನು ನೋಡಿ, ಕತ್ತಲಾಗುವ ಮೊದಲು ಮನೆ ಸೇರಿಕೊಳ್ಳಿ ಎಂದಷ್ಟೇ ಹೇಳಿದ. ನಮ್ಮಲ್ಲೂ ಅವರಲ್ಲೂ ಎಡಬದಿಯ ಸಂಚಾರವಾದ್ದರಿಂದ ದೀಪದ ಬಗ್ಗೆ ಬೇರೆ ತಕರಾರು ಬರಲಿಲ್ಲ. ಯುರೋಪಿನಿಂದ ತಂದವರು ಇದಕ್ಕೇ ಒದ್ದಾಡುತ್ತಾರೆ. ಸ್ಪೀಡೋಮೀಟರಿನ ಕಿಲೋಮೀಟರು ಇಲ್ಲಿ ಮೈಲಿಗೆ ಹೊಂದಬೇಕಲ್ಲ, ಅದಕ್ಕೆ ಗಾಜಿನ ಮೇಲೆ 48 ಮತ್ತು 80ರ ಎದುರು ಬಿಳಿ ಚುಕ್ಕಿ ಇಟ್ಟುಕೊಂಡಿದ್ದೇನೆ, 30 ಮತ್ತು 50 ಮೈಲಿಯ ಗುರುತಿಗೆ. 80ರ ಚುಕ್ಕಿ ಹೆಚ್ಚಾಗಿ ಅಲಂಕಾರಕ್ಕೆ.

ನೋಂದಣಿ ಅರ್ಜಿಯ ಹೆಸರು ವಿ 55/5. ಬಳಸಿದ ಗಾಡಿಯ ಮೊದಲ ನೋಂದಣಿಗೆ ಇದೇ ನಮೂನೆ. ಹೊಸ ಗಾಡಿಯ ವಿ 55/4 ತರಿಸಿಕೊಂಡು ದಿನ ಕಳೆಯಬೇಡಿ. ತೆರಿಗೆ ವರ್ಗದ ಜಾಗದಲ್ಲಿ 'ಹಿಸ್ಟಾರಿಕ್' ಎಂದು ಬರೆಯಬೇಕು. ಆಗ ರಸ್ತೆ ತೆರಿಗೆ ಸೊನ್ನೆ. ಆದರೂ ಪ್ರತಿವರ್ಷ ಆ ಸೊನ್ನೆಯನ್ನು 'ಕಟ್ಟಲೇ'ಬೇಕು, ಮರೆತರೆ ದಂಡದ ಪತ್ರ ಬರುತ್ತದೆ. ಲಂಡನ್ನಿನ ಮಾಲಿನ್ಯ ಶುಲ್ಕದಿಂದಲೂ ಇದೇ ವರ್ಗ ಬಿಡುಗಡೆ ಕೊಡುತ್ತದೆ. ಹತ್ತು ವರ್ಷ ದಾಟಿದ ಗಾಡಿಯಾದ್ದರಿಂದ ಮಾದರಿ ಅನುಮೋದನೆಯ, ಅಂದರೆ ಗಾಡಿ ಇಲ್ಲಿನ ನಿಯಮಗಳಿಗೆ ಹೊಂದುತ್ತದೆ ಎಂದು ತೋರಿಸುವ, ತಲೆನೋವು ಇಲ್ಲ. ಶುಲ್ಕ 55 ಪೌಂಡ್, ಚಾಲನಾ ಪರವಾನಗಿಯ ಪ್ರತಿ, ವಯಸ್ಸಿನ ಪತ್ರ, ಮೂಲ ಆರ್.ಸಿ. ಎಲ್ಲ ಲಗತ್ತಿಸಿದೆ. ಆರ್.ಸಿ.ಯಲ್ಲಿ ಕನ್ನಡದ ಒಂದೆರಡು ಮೊಹರುಗಳಿದ್ದವು. ಯಾರೂ ಕೇಳದಿದ್ದರೂ ಇಂಗ್ಲಿಷ್ ಅನುವಾದ ಇಟ್ಟೆ. ಮೊದಲ ಸಲ ಇಡೀ ಕಂತೆ ವಾಪಸು ಬಂತು, ತಪ್ಪು ನನ್ನದೇ. ಅಷ್ಟೆಲ್ಲ ಹೋರಾಡಿ ತಂದ ತಯಾರಿಕೆಯ ವರ್ಷವನ್ನು ಅರ್ಜಿಯಲ್ಲಿ ತುಂಬುವುದನ್ನೇ ಮರೆತಿದ್ದೆ.

ಎರಡನೆಯ ಸಲ ಲಕೋಟೆ ಅಂಟಿಸುವ ಮೊದಲು ಸ್ವಲ್ಪ ಹೊತ್ತು ಕುಳಿತೆ. ಹೊರದೇಶದ ಮೂಲ ಆರ್.ಸಿ. ಅವರ ಕೈಸೇರಿದರೆ ಮರಳಿ ಕೊಡುವುದಿಲ್ಲ, ಅದು ನಿಯಮ. ಮೊದಲ ಪುಟದಲ್ಲಿ ಅಪ್ಪನ ಸಹಿ ಇದೆ. ಮೊದಲಕ್ಷರದ ಬಾಲ ಇಡೀ ಹೆಸರಿನ ಕೆಳಗೆ ಓಡುವ ಸಹಿ. ನನ್ನ ಅಂಕಪಟ್ಟಿಗಳ ಮೇಲೂ ಅದೇ. ಪ್ರತಿ ಪುಟವನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿಕೊಂಡು ಕಳಿಸಿದೆ. ಇದನ್ನು ಓದಿ ಯಾರಾದರೂ ಅಪ್ಪನ ಗಾಡಿ ತರುವವರಿದ್ದರೆ, ಆ ಸ್ಕ್ಯಾನನ್ನು ಊರಿನಲ್ಲೇ ಒಳ್ಳೆಯ ಬೆಳಕಿನಲ್ಲಿ ಮಾಡಿಸಿಕೊಳ್ಳಿ.

ಐದನೆಯ ವಾರ ನೋಂದಣಿ ಪತ್ರ ಬಂತು. ನಂಬರಿನ ಕೊನೆಯ ಅಕ್ಷರ 'ಜಿ'. ಆಗಸ್ಟ್ 1968ರಿಂದ ಜುಲೈ 1969ರ ನಡುವೆ ಇಲ್ಲಿ ರಸ್ತೆಗಿಳಿದ ಗಾಡಿಗಳ ಅಕ್ಷರ ಅದು. ಈ ನಂಬರನ್ನು ಬೇರೆ ಗಾಡಿಗೆ ವರ್ಗಾಯಿಸುವಂತಿಲ್ಲ, ಮಾರುವಂತಿಲ್ಲ. 1980ಕ್ಕೆ ಹಿಂದಿನ ಗಾಡಿಯಾದ್ದರಿಂದ ಕಪ್ಪು ಹಲಗೆಯ ಮೇಲೆ ಬೆಳ್ಳಿ ಅಕ್ಷರ ಹಾಕಿಸಬಹುದು, ಹಾಕಿಸಿದೆ. ಲೀಟರಿಗೆ 40 ಮಿಲಿ ಎಣ್ಣೆ ಬೆರೆಸಿ, ಎಥನಾಲ್ ಕಡಿಮೆ ಇರುವ ದುಬಾರಿ ಪೆಟ್ರೋಲನ್ನೇ ತುಂಬಿ, ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಎದುರು ಮನೆಯ ಮುದುಕರು ಹೊರಗೆ ಬಂದು, ಇಂಥ ಸದ್ದು ಕೇಳಿ ನಲವತ್ತು ವರ್ಷವಾಯಿತು ಎಂದರು. ಹೊಗಳಿದರೋ ಬೈದರೋ ಇನ್ನೂ ಗೊತ್ತಾಗಿಲ್ಲ.

ಸಂಜೆ ಅಮ್ಮನಿಗೆ ವಿಡಿಯೊ ಕರೆ ಮಾಡಿ ತೋರಿಸಿದೆ. ಅವರು ಬೆಳ್ಳಿ ಅಕ್ಷರಗಳನ್ನು ಬಹಳ ಹೊತ್ತು ನೋಡಿ, "ಹಳೆಯ ನಂಬರು ಏನಾಯಿತು?" ಎಂದರು. ನಾನು ಫೋನನ್ನು ಗ್ಯಾರೇಜಿನ ಗೋಡೆಯ ಕಡೆ ತಿರುಗಿಸಿದೆ. ಎಂ.ವೈ. ಎಂದು ಶುರುವಾಗುವ ಆ ತಗಡು, ಅದರ ಕೆಳಗೆ ಉಳಿದ ಒಂದು ಪೆನ್ಸಿಲ್ ಅಚ್ಚು, ಎರಡನ್ನೂ ಮೊಳೆ ಹೊಡೆದು ನಿಲ್ಲಿಸಿದ್ದೆ.

"ಬಲಗಡೆ ವಾಲಿದೆ, ಸರಿ ಮಾಡು" ಎಂದರು ಅಮ್ಮ.