ರಾತ್ರಿ 9.30ರ ಹಾಫ್ ಗೋಬಿ

ಮೈಸೂರಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುವಾಗ ವಾರಕ್ಕೆ ಐದು ದಿನವಾದರೂ ಗಾಡಿ ಮುಂದೆ ನಿಂತಿರುತ್ತಿದ್ದೆ. ಹಾಫ್ ಗೋಬಿ, ಇಲ್ಲಾಂದ್ರೆ ಎಗ್ ರೈಸ್. ಅಮ್ಮ ಇದನ್ನು ಬಾಯಿಚಪಲ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ ಅಂತ ಒಂದು ದಿನ ಫೋನ್‌ಪೇ ತೆಗೆದು ಹಿಂದಿನ ತಿಂಗಳ ಲೆಕ್ಕ ಹಾಕಿದೆ. ಗಾಡಿಗೇ 1,340 ರೂಪಾಯಿ ಹೋಗಿತ್ತು. ಅದಕ್ಕಿಂತ ಅಚ್ಚರಿಯಾಗಿದ್ದು ಟೈಮ್ ನೋಡಿ. ಹೆಚ್ಚುಕಮ್ಮಿ ಎಲ್ಲವೂ ರಾತ್ರಿ 9.30ರಿಂದ 10.30ರ ಒಳಗೆ! ಮಧ್ಯಾಹ್ನ ನನಗೆ ಗೋಬಿ ನೆನಪೇ ಆಗುತ್ತಿರಲಿಲ್ಲ. ಚಪಲಕ್ಕೆ ಹೊತ್ತುಗೊತ್ತು ಇರಲ್ಲ ಅಲ್ವಾ? ನಮ್ಮ ಮೆಸ್ಸಲ್ಲಿ ಊಟ 8.30ಕ್ಕೆ ಮುಗಿಯುತ್ತಿತ್ತು, ಲ್ಯಾಬ್ ಮುಗಿಸಿ, ಲೈಬ್ರರಿಗೂ ಹೋಗಿ ಬರುವಷ್ಟರಲ್ಲಿ ತಣ್ಣಗಾದ ಅನ್ನ, ತಳದ ಸಾರು ಬಿಟ್ಟರೆ ಏನೂ ಉಳಿದಿರುತ್ತಿರಲಿಲ್ಲ, ಕೆಲವು ಸಲ ಅದೂ ಇಲ್ಲ. ಆ ಹೊತ್ತಲ್ಲಿ ನಲವತ್ತು ರೂಪಾಯಿಗೆ ಬಿಸಿಬಿಸಿ ಸಿಗುತ್ತಿದ್ದುದು ಗಾಡಿಯಲ್ಲಿ ಮಾತ್ರ.

ಗೋಬಿಗೆ ಹಾಕುವ ಬಣ್ಣದ ವಿಷಯ ಗೊತ್ತಿಲ್ಲದೆ ತಿನ್ನುತ್ತಿದ್ದೆ ಅಂತಲೂ ಹೇಳುವ ಹಾಗಿಲ್ಲ. ನನ್ನ ಪ್ರಾಜೆಕ್ಟೇ ರೋಡಮೈನ್-ಬಿ ಮೇಲೆ. ಬಟ್ಟೆಗೆ ಹಾಕುವ ಈ ಬಣ್ಣವನ್ನು ನೀರಲ್ಲಿ ಕಲಸಿ, ಜಿಂಕ್ ಆಕ್ಸೈಡ್ ಪುಡಿ ಹಾಕಿ ಬೆಳಕಿಗಿಟ್ಟು, ಬಣ್ಣ ಎಷ್ಟು ಹೋಯಿತು ಅಂತ ಅಳೆಯುವುದು. ಬೆರಳಿಗೆ ಅಂಟಿದರೆ ಸೋಪಿಗೂ ಬಗ್ಗಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂದಾಗ ಪೇಪರ್ ತುಂಬ ರೋಡಮೈನ್-ಬಿಯದೇ ಹೆಸರು. ಲ್ಯಾಬಲ್ಲಿ ಎಲ್ಲರೂ ನಕ್ಕೆವು. ರಾತ್ರಿ ಮತ್ತೆ ಗಾಡಿಗೇ ಹೋದೆವು. ಗೋಬಿ ಸ್ವಲ್ಪ ಬಿಳಿಚಿಕೊಂಡಿತ್ತು, ಅಷ್ಟೇ.

ಲೆಕ್ಕ ನೋಡಿದ ಮೇಲೆ, ಗಾಡಿಗೆ ಹೋಗದೇ ಇದ್ದುಬಿಡೋಣ ಅಂತ ಮೊದಲು ನೋಡಿದೆ, ಮೂರು ದಿನ ನಡೆಯಿತು. ಆಮೇಲೆ 7.30ಕ್ಕೇ ಉಂಡು ಲೈಬ್ರರಿಗೆ ಹೋದೆ, 11ಕ್ಕೆ ಮತ್ತೆ ಹಸಿವು. ಕೊನೆಗೆ ಕೈಹಿಡಿದಿದ್ದು ಒಂದು ಸ್ಟೀಲ್ ಡಬ್ಬಿ. ಮೆಸ್ಸಲ್ಲಿ ಬಡಿಸುವವರ ಹತ್ತಿರ ಹೋಗಿ, "ಅಣ್ಣ, ನಂದೊಂದು ಡಬ್ಬಿ ತೆಗೆದಿಡ್ತೀರಾ?" ಅಂದೆ. ಒಂದೂವರೆ ವರ್ಷ ಯಾಕೆ ಕೇಳಲಿಲ್ಲವೋ ಗೊತ್ತಿಲ್ಲ, ನಾಚಿಕೆ ಇರಬೇಕು. ರೂಮಲ್ಲಿ ಒಲೆ ಹಚ್ಚುವಂತಿರಲಿಲ್ಲ, ಹಾಗಾಗಿ ತಡರಾತ್ರಿಗೆ ಅವಲಕ್ಕಿ. ಅಮ್ಮ ಕಳಿಸಿದ ಪುಳಿಯೋಗರೆ ಗೊಜ್ಜನ್ನು ಎರಡು ಚಮಚದಷ್ಟು ತೆಗೆದು ನೀರಲ್ಲಿ ಕದಡಿ, ತರಿ ಮಾಡಿದ ಗಟ್ಟಿ ಅವಲಕ್ಕಿ ಹಾಕಿ ಅರ್ಧ ಗಂಟೆ ಬಿಟ್ಟರೆ ಆಯಿತು. ಮೇಲೆ ಹುರಿದ ಕಡಲೆಬೀಜ. ಪೇಪರ್ ಅವಲಕ್ಕಿ ಮಾತ್ರ ಬೇಡ, ಮುದ್ದೆಯಾಗುತ್ತದೆ.

ಶನಿವಾರದ ಗೋಬಿ ಬಿಡಲಿಲ್ಲ, ಅದು ಗೆಳೆಯರ ಜೊತೆ ಹರಟೆಗೆ. ಮೊದಲ ಶನಿವಾರ ಹೋದಾಗ ಗಾಡಿಯಣ್ಣ ಬಾಣಲೆಯಿಂದ ತಲೆ ಎತ್ತಿ ಕೇಳಿದರು: "ಏನ್ ಸಾರ್, ಊರಿಗೆ ಹೋಗಿದ್ರಾ?"